ಚಿಟ್ಟೆವನದ ಉದ್ಘಾಟನೆ

ಚಿಕ್ಕಬಳ್ಳಾಪುರದ ಹತ್ತಿರದ ಉದ್ಯಾನವೊಂದರ ಪರಿಸರ ಶಿಕ್ಷಣ ಕೇಂದ್ರದಲ್ಲಿ ನಾನು ಗೈಡ್. ಬಂದ ಮಕ್ಕಳಿಗೆ ಪರಿಸರ ಕಲಿಸುವುದು ನನ್ನ ಕೆಲಸ. ನಿಜವಾಗಿ ಕಲಿಯಬೇಕಾದವರು ಆಫೀಸಿನ ಒಳಗೇ ಕೂತಿರುವುದರಿಂದ ನಮ್ಮಲ್ಲಿ ನಗುವಿಗೆ ಯಾವತ್ತೂ ಬರ ಬಂದಿಲ್ಲ.

೧. ತೂತು ಎಲೆ

ನಾನೂ ನಮ್ಮ ಮಾಲಿಯಮ್ಮನೂ ಒಂದು ವರ್ಷ ಮೈಮುರಿದು ಚಿಟ್ಟೆವನ ಮಾಡಿದೆವು. ಆಕೆ ಜಂಗಮಕೋಟೆಯವಳು, ಮನೆಯಲ್ಲಿ ರೇಷ್ಮೆಹುಳು ಸಾಕುವವಳು. ಎಕ್ಕ, ನಿಂಬೆ, ಕರಿಬೇವಿನ ಎಲೆಗಳ ಮೇಲೆ ಮರಿಹುಳುಗಳು ಕಂಡಾಗ ಇಬ್ಬರೂ ಹಿಗ್ಗಿಹೋದೆವು.

ಉದ್ಘಾಟನೆಗೆ ಇಪ್ಪತ್ತು ದಿನವಿದೆ ಎನ್ನುವಾಗ ನಮ್ಮ ಕೇಂದ್ರದ ಸಾಹೇಬರು ನೋಡಲು ಬಂದರು. ಪರಿಸರದ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ಮಹಾನುಭಾವರು.

"ಥೂ, ಎಲೆಯೆಲ್ಲ ತೂತು! ಔಷಧಿ ಹೊಡ್ಸಿ."

"ಸಾರ್, ಈ ಹುಳುನೇ ಚಿಟ್ಟೆ ಆಗೋದು," ಅಂದೆ.

"ಚಿಟ್ಟೆ ಆದ್ಮೇಲೆ ಬರ್ಲಿ, ಬೇಡ ಅಂದವರ್ಯಾರು?"

೨. ಎಣಿಕೆ

ಔಷಧಿ ಹೊಡೆದ ವಾರಕ್ಕೆ ಗೌರಿಬಿದನೂರಿನ ಕಡೆಯ ಶಾಲೆಯ ಮಕ್ಕಳು ಚಿಟ್ಟೆ ಎಣಿಸಲು ನೋಟ್‌ಬುಕ್ ಹಿಡಿದು ಬಂದರು. ಎಲೆಗಳು ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಒಂದೇ ಒಂದು ಚಿಟ್ಟೆ ಇಲ್ಲ. ನನಗೆ ಅಳುವೇ ಬಂತು. ಅವರ ಮೇಷ್ಟ್ರು ಮಾತ್ರ ಧೃತಿಗೆಡಲಿಲ್ಲ. ಗೇಟಿನಲ್ಲಿ ಚಿಟ್ಟೆಗಳ ಚಿತ್ರ ಬರೆಸಿದ್ದ ಬೋರ್ಡಿನ ಮುಂದೆ ಮಕ್ಕಳನ್ನು ಕೂರಿಸಿ, "ಈ ಚಿತ್ರದಲ್ಲಿ ಎಷ್ಟಿವೆ ನೋಡಿ ಬರ್ಕೊಳ್ರಪ್ಪ" ಅಂದರು.

ಒಬ್ಬಳು ಹುಡುಗಿ ನನ್ನನ್ನು ಕೇಳಿದಳು: "ಮೇಡಂ, ಯಾವಾಗ ಕಾಣಿಸಿದ್ವು ಅಂತಾನೂ ಬರೀಬೇಕು, ಏನ್ ಬರೀಲಿ?"

"ಪೇಂಟ್ ಒಣಗಿದ್ಮೇಲೆ ಅಂತ ಬರ್ಕೊಳಮ್ಮ," ಅಂದೆ.

೩. ಹಾರಾಟ

ಮುಖ್ಯ ಅತಿಥಿಗಳು ಚಿಟ್ಟೆ ಹಾರಿಸುತ್ತಾರೆ ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಈಗ ಸಾಹೇಬರ ಬುದ್ಧಿ ಓಡಿತು.

"ಶಿಡ್ಲಘಟ್ಟದಿಂದ ರೇಷ್ಮೆಗೂಡು ತರ್ಸಿ. ಅದ್ರಿಂದ ಬರೋದೂ ಚಿಟ್ಟೆ ತಾನೆ?"

"ಅವು ಹಾರಲ್ಲ ಸಾರ್," ಅಂದಳು ಮಾಲಿಯಮ್ಮ.

"ಮತ್ತೆ ರೆಕ್ಕೆ ಇರೋದ್ಯಾಕೆ? ನಂಗೇ ಪಾಠ ಹೇಳ್ತೀಯಾ?"

ಉದ್ಘಾಟನೆಯ ದಿನ ಅತಿಥಿಗಳು ಹೊಸ ಶಾಲು ಹೊದ್ದು, ಗೂಡು ಒಡೆದು ಬಂದ ಚಿಟ್ಟೆಗಳಿದ್ದ ಡಬ್ಬಿಯ ಮುಚ್ಚಳ ತೆಗೆದರು. ಚಪ್ಪಾಳೆಯೋ ಚಪ್ಪಾಳೆ. ಒಂದು ಚಿಟ್ಟೆಯೂ ಮೇಲೇಳಲಿಲ್ಲ. ಅವರು ಡಬ್ಬಿ ಎತ್ತಿ ಕೊಡವಿದರು. ಅಷ್ಟೂ ಚಿಟ್ಟೆಗಳು ಶಾಲಿನ ಮೇಲೆ ಬಿದ್ದು ರೆಕ್ಕೆ ಪಟಪಟಿಸುತ್ತ ಅಲ್ಲೇ ಬೀಡುಬಿಟ್ಟವು. ಅವರ ಭಾಷಣ ಮುಗಿಯುವ ಹೊತ್ತಿಗೆ ಶಾಲಿನ ತುಂಬ ಸಾಸಿವೆಯಷ್ಟು ಹಳದಿ ಮೊಟ್ಟೆ! ಸಾಹೇಬರು ಹೌಹಾರಿ ಶಾಲಿಗೆ ಕೈ ಹಾಕಿದರು.

ಮಾಲಿಯಮ್ಮ ಅಡ್ಡ ಬಂದು ಅತಿಥಿಗಳಿಗೆ ಕೈಮುಗಿದಳು: "ಒದರಬೇಡಿ ಸ್ವಾಮಿ, ಹತ್ತು ದಿನಕ್ಕೆ ಮರಿ ಆಗ್ತವೆ. ಶಾಲು ನಂಗೆ ಕೊಡಿ, ಸಾಕ್ಕೊಂತೀನಿ. ನಮ್ ಸಾಹೇಬ್ರ ಕೈಗೆ ಮಾತ್ರ ಕೊಡ್ಬೇಡಿ, ಔಷಧಿ ಹೊಡಿಸ್ತಾರೆ!"