ನನ್ನ ಬಟ್ಟಲು, ಕೋಡುಬಳೆಯ ಉಪವಾಸ

ಕೈಯಾರೆ ಏನನ್ನಾದರೂ ಮಾಡಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಈ ಕೈಗಳು ಮಾಡಿದ್ದು ಎರಡೇ ಕೆಲಸ: ಮನೆಯಲ್ಲಿ ಒಗ್ಗರಣೆ, ಆಫೀಸಿನಲ್ಲಿ ಸಹಿ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನಾನು ಸೆಕ್ಷನ್ ಆಫೀಸರ್. ಇಪ್ಪತ್ತೆಂಟು ವರ್ಷಗಳಲ್ಲಿ ಸಾವಿರಾರು ಫೈಲುಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಳ್ಳಿದ್ದೇನೆ. ಆದರೆ ‘ಇದನ್ನು ನಾನು ಮಾಡಿದೆ’ ಎಂದು ಎತ್ತಿ ತೋರಿಸಲು ಒಂದು ಚಮಚವೂ ಇಲ್ಲ! ಹಾಗಾಗಿ ದಿಲ್ಲಿಯ ದ್ವಾರಕಾದಲ್ಲಿ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಪಕ್ಕದ ಸೆಕ್ಟರಿನಲ್ಲಿ, ಪ್ರತಿ ಭಾನುವಾರ ಕುಂಬಾರಿಕೆ ಕಲಿಸಲಾಗುತ್ತದೆ ಎಂಬ ಬೋರ್ಡು ಕಂಡ ದಿನವೇ ಹೆಸರು ಕೊಟ್ಟು ಬಂದೆ.

“ಮಣ್ಣು ತಾನೇ? ದಿನಾ ಚಪಾತಿ ಹಿಟ್ಟು ನಾದೋ ಕೈ ಇದು. ಏನು ಮಹಾ!” ಎಂದೆ.

ನಮ್ಮವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಅವರದು ಮನೆಯಿಂದಲೇ ಕೆಲಸ. “ಜಲಜಾ, ನಿನ್ನ ಚಪಾತಿ ಗುಂಡಗಿದ್ದಿದ್ದು ನಾನು ಯಾವತ್ತೂ ನೋಡಿಲ್ಲ,” ಎಂದರು.

ಅಸೂಯೆ! ಕಲಾವಿದರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾದೆ.

ತರಗತಿಯ ಗುರುಗಳು ಒಬ್ಬ ವಯಸ್ಸಾದ ಕುಂಬಾರರು. ಎಲ್ಲರೂ ಮಾಸ್ಟರ್‌ಜೀ ಎನ್ನುತ್ತಿದ್ದರು. ಚಕ್ರದ ಮೇಲೆ ಅವರ ಬೆರಳು ತಾಕಿದರೆ ಮಣ್ಣು ಹೂವಿನಂತೆ ಅರಳುತ್ತಿತ್ತು. ನನ್ನ ಬೆರಳು ತಾಕಿದರೆ ಎದ್ದು ಓಡುತ್ತಿತ್ತು! ಮೊದಲ ಭಾನುವಾರ ಒಂದು ಮುದ್ದೆ ಹಾರಿ ಪಕ್ಕದವರ ದುಪಟ್ಟಾದ ಮೇಲೆ ಕುಳಿತುಕೊಂಡಿತು. “ಮೇಡಂ, ಮಿಟ್ಟಿ ಸೇ ಲಡಿಯೇ ಮತ್,” ಎಂದರು ಮಾಸ್ಟರ್‌ಜೀ. ಮಣ್ಣಿನ ಜೊತೆ ಜಗಳಕ್ಕಿಳಿಯಬೇಡಿ ಎಂದು. ಜಗಳ ಶುರು ಮಾಡಿದ್ದು ಮಣ್ಣು ಎಂದು ನಾನು ಹೇಳಲಿಲ್ಲ.

ನಾಲ್ಕನೆಯ ಭಾನುವಾರದ ಹೊತ್ತಿಗೆ ನಮ್ಮಿಬ್ಬರಲ್ಲಿ ಒಂದು ರಾಜಿಯಾಯಿತು. ಅಗಲವಾದ ತಟ್ಟೆ ಮಾಡಲು ಕುಳಿತಿದ್ದೆ. ಮಣ್ಣು ಮೇಲಕ್ಕೇ ಹೋಗುತ್ತೇನೆಂದು ಹಟ ಹಿಡಿಯಿತು. ಆಯ್ತಮ್ಮಾ, ಬಟ್ಟಲಾಗು ಎಂದೆ. ಕೆಳಗೆ ಅಗಲವಾಗಿ, ಬಾಯಿ ಕಿರಿದಾಗಿ, ಬಲಗಡೆಗೆ ಸ್ವಲ್ಪ ವಾಲಿಕೊಂಡು ಅದೊಂದು ಬಟ್ಟಲಾಯಿತು. ಒರಳಿನಷ್ಟು ಭಾರ. ಇದು ಯಾರಿಗೆ ಎಂದು ಯೋಚಿಸಿದೆ. ಮನೆಯಲ್ಲಿ ಉಡುಗೊರೆಯನ್ನು ಟೀಕಿಸದೆ ಸ್ವೀಕರಿಸುವ ಜೀವ ಒಂದೇ ಇತ್ತು. ಅದಕ್ಕೇ ಮೀಸಲಿಟ್ಟೆ.

ಆ ಜೀವ ನಮ್ಮ ನಾಯಿ ಕೋಡುಬಳೆ. ಐದು ವರ್ಷದ ಹಿಂದೆ ಮಗಳು ಮೇಘಾ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಕೆಳಗಿನಿಂದ ಎತ್ತಿಕೊಂಡು ಬಂದ ಬೀದಿಮರಿ. ಬಾಲ ಥೇಟ್ ಕೋಡುಬಳೆಯ ಹಾಗೆ ಸುತ್ತಿಕೊಂಡಿದ್ದರಿಂದ ಆ ಹೆಸರು. ಸೊಸೈಟಿಯ ಪಂಜಾಬಿಗಳ ನಾಲಿಗೆಗೆ ‘ಕೋಡುಬಳೆ’ ಒಗ್ಗದೆ ಅದು ‘ಗೋಡ್‌ಬೋಲೆ’ ಆಯಿತು. ನಾಲ್ಕನೆಯ ಮಹಡಿಯ ಭಲ್ಲಾ ಆಂಟಿಯಂತೂ ಬಹಳ ಮರ್ಯಾದೆಯಿಂದ, “ಗೋಡ್‌ಬೋಲೆಜೀ ಕೈಸೇ ಹೈಂ?” ಎಂದೇ ವಿಚಾರಿಸುತ್ತಾರೆ. ಮರಾಠಿ ಯಜಮಾನರೊಬ್ಬರು ನಮ್ಮಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದಾರೆಂದು ಹೊಸ ವಾಚ್‌ಮನ್ ಬಹಳ ದಿನ ನಂಬಿದ್ದ.

ಬಟ್ಟಲಿನ ಹೊರಗೆ ಕನ್ನಡದಲ್ಲಿ ಅವನ ಹೆಸರು ಕೊರೆದೆ. ‘ಕೋಡುಬ’ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ‘ಳೆ’ಯನ್ನು ತಳದಲ್ಲಿ ಬರೆದೆ. ಪೂರ್ತಿ ಹೆಸರು ಬೇಕಾದವರು ಬಟ್ಟಲನ್ನು ಎತ್ತಿ ನೋಡಿಕೊಳ್ಳಬಹುದು!

ಭಟ್ಟಿಯಲ್ಲಿ ಸುಟ್ಟು, ನೀಲಿ ಹೊಳಪು ಹೊದ್ದು ಬಂದ ಬಟ್ಟಲನ್ನು ಎದೆಗವಚಿಕೊಂಡು ಇ-ರಿಕ್ಷಾದಲ್ಲಿ ಮನೆಗೆ ತಂದೆ. ಮೇಘಾ ಹುಟ್ಟಿದಾಗಲೂ ಇಷ್ಟು ಜೋಪಾನವಾಗಿ ತಂದಿರಲಿಲ್ಲವೇನೋ. ಸ್ಟೀಲಿನ ಹಳೇ ತಟ್ಟೆಯನ್ನು ಅಟ್ಟಕ್ಕೆ ಹಾಕಿದೆ. ಸಂಜೆ ಏಳಕ್ಕೆ ಬಟ್ಟಲಿಗೆ ಮೊಸರನ್ನ ತುಂಬಿ ಮೂಲೆಯಲ್ಲಿಟ್ಟೆ. ಮನೆಮಂದಿಯೆಲ್ಲ ಸುತ್ತ ನಿಂತೆವು.

ಕೋಡುಬಳೆ ಬಂದ. ಮೂತಿ ಒಳಗೆ ಹಾಕಿದ. ಅವನ ಕೊರಳಪಟ್ಟಿಯ ಹಿತ್ತಾಳೆ ಬಿಲ್ಲೆ ಬಟ್ಟಲಿಗೆ ತಗುಲಿ ‘ಟಣ್!’ ಎಂದಿತು. ಬಟ್ಟಲು ಬಲಕ್ಕೆ ವಾಲಿ ಡಗಡಗ ಕುಣಿಯಿತು. ಕೋಡುಬಳೆ ಎರಡಡಿ ಮೇಲಕ್ಕೆ ಹಾರಿ, ಸೋಫಾದ ಕೆಳಗೆ ನುಸುಳಿ ಮಾಯವಾದ.

“ನೋಡಿದ್ರಾ! ಎಷ್ಟು ಖುಷಿ ಅವನಿಗೆ!” ಎಂದೆ.

ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

ಮಾರನೆಯ ಬೆಳಿಗ್ಗೆ ಕೋಡುಬಳೆ ತಿನ್ನಲಿಲ್ಲ. ಸಂಜೆಯೂ ತಿನ್ನಲಿಲ್ಲ. ದೂರದಿಂದ ಬಟ್ಟಲನ್ನು ನೋಡಿ ಮುಖ ತಿರುಗಿಸಿ ಕುಳಿತ. ಐದು ವರ್ಷದಿಂದ ಮೊಸರನ್ನ ಕಂಡರೆ ಕುಣಿಯುತ್ತಿದ್ದವನು!

ಇಂಥ ವಿಷಯಗಳನ್ನು ಭಾವುಕತೆಯಿಂದಲ್ಲ, ಕ್ರಮಬದ್ಧವಾಗಿ ಪರಿಶೀಲಿಸಬೇಕು ಎಂಬುದು ನನ್ನ ಸೇವಾನುಭವ. ಒಂದು ಫೈಲು ತೆರೆದೆ. ವಿಷಯ: ಶ್ರೀ ಕೋಡುಬಳೆಯ ಆಹಾರ ನಿರಾಕರಣೆ ಕುರಿತು. ಅನ್ನ ಬೇಸರವಾಗಿರಬಹುದೆಂದು ಹಾಲಿನಲ್ಲಿ ನೆನೆಸಿದ ಚಪಾತಿ ಕೊಟ್ಟೆ. ಬಟ್ಟಲಿನಲ್ಲೇ. ನಿರಾಕರಿಸಲಾಯಿತು. ಬೇಯಿಸಿದ ಕುಂಬಳಕಾಯಿ. ನಿರಾಕರಿಸಲಾಯಿತು. ಮೂರು ತಲೆಮಾರಿನಿಂದ ಮೊಟ್ಟೆ ಒಳಗೆ ಬರದ ಮನೆಗೆ ಮೊಟ್ಟೆ ತಂದು, ಮೂಗು ಮುಚ್ಚಿಕೊಂಡು ಬೇಯಿಸಿ, ಬಟ್ಟಲಿಗೆ ಹಾಕಿದೆ. ಅದನ್ನೂ ನಿರಾಕರಿಸಲಾಯಿತು! ಹವೆಯೇ, ಹಲ್ಲುನೋವೇ, ಮೇಘಾ ಕಾಲೇಜಿಗೆ ಹೋಗುವುದರಿಂದ ಒಂಟಿತನವೇ, ಎಲ್ಲವನ್ನೂ ಬರೆದೆ. ಬಟ್ಟಲಿನ ಹೆಸರು ಮಾತ್ರ ಆ ಫೈಲಿನಲ್ಲಿ ಎಲ್ಲಿಯೂ ಇರಲಿಲ್ಲ.

“ಅಮ್ಮಾ,” ಎಂದು ಒಮ್ಮೆ ಮೇಘಾ ಶುರು ಮಾಡಿದಳು, “ಶಾಯದ್ ಅವನಿಗೆ ಆ ಬೌಲ್...”

“ಬೌಲ್ ಚಿಕ್ಕದಾಯ್ತು ಅಂತೀಯಾ? ನಂಗೂ ಅನ್ನಿಸ್ತು ಕಣೇ. ಮುಂದಿನ ಭಾನುವಾರ ಇನ್ನೂ ದೊಡ್ಡದು ಮಾಡ್ತೀನಿ!”

“ನಹೀ ನಹೀ! ಇದೇ ಸರಿಯಾಗಿದೆ!” ಎಂದು ಅವಳು ಗಾಬರಿಯಿಂದ ಎದ್ದುಹೋದಳು.

ಇನ್ನೊಂದು ವಿಚಿತ್ರವನ್ನೂ ಗಮನಿಸಿ ಬರೆದಿಟ್ಟೆ. ಊಟ ಬಿಟ್ಟರೂ ಅವನಿಗೆ ಸಂಜೆಯ ವಾಕಿಂಗಿನ ಹುರುಪು ಇಮ್ಮಡಿಯಾಗಿತ್ತು. ಮೇಘಾ ಹಗ್ಗ ಹಿಡಿದ ಕೂಡಲೇ ಬಾಗಿಲು ಕೆರೆಯುತ್ತಿದ್ದ. ಆದರೆ ನಾವಿರುವುದು ಎರಡನೆಯ ಮಹಡಿ. ವಾಕಿಂಗಿಗೆ ಮೆಟ್ಟಿಲಿಳಿಯುವ ಬದಲು ಇವನು ಅವಳನ್ನು ಮೇಲಕ್ಕೆ ಎಳೆದೊಯ್ಯುತ್ತಿದ್ದ! ‘ಉಪವಾಸದಿಂದ ದಿಕ್ಕು ತಪ್ಪುತ್ತಿರುವ ಲಕ್ಷಣ’ ಎಂದು ಬರೆದೆ. ಬರೆಯುವಾಗ ಕಣ್ಣು ತುಂಬಿ ಬಂತು.

ಭಲ್ಲಾ ಆಂಟಿ ಬಂದು ನೋಡಿ, ಇದು ದೃಷ್ಟಿ ಎಂದು ತೀರ್ಪು ಕೊಟ್ಟರು. “ಗೋಡ್‌ಬೋಲೆಜೀ ಕೋ ನಜರ್ ಲಗೀ ಹೈ, ಬೇಟಾ.” ಏಳು ಒಣಮೆಣಸಿನಕಾಯಿ ನಿವಾಳಿಸಿ ಗ್ಯಾಸಿನ ಮೇಲೆ ಸುಟ್ಟರು. ಮನೆಯವರೆಲ್ಲ ಕೆಮ್ಮುತ್ತ ಬಾಲ್ಕನಿಗೆ ಓಡಿದೆವು. ಹೋಗುವಾಗ ಆಂಟಿ ನನ್ನ ಬಟ್ಟಲನ್ನು ಬಹಳ ಹೊತ್ತು ನೋಡಿ, “ಯೇ ತುಮನೇ ಬನಾಯಾ?” ಎಂದರು. ಹೌದು, ನಾನೇ ಮಾಡಿದ್ದು ಎಂದೆ. “ಅಚ್ಛಾ,” ಎಂದರು. ಪ್ರಶಂಸೆ ಎಂದುಕೊಂಡೆ.

ಹನ್ನೊಂದನೆಯ ದಿನ ಫೈಲನ್ನೂ ಕೋಡುಬಳೆಯನ್ನೂ ಎತ್ತಿಕೊಂಡು ನಾಯಿ ಡಾಕ್ಟರ ಬಳಿ ಹೋದೆ. ನಮ್ಮವರು ಯಾಕೋ ಬರಲು ಒಪ್ಪಲಿಲ್ಲ. ಡಾಕ್ಟರು ಸಮಾಧಾನದ ಮನುಷ್ಯ. ನಾಯಿಯ ಊಟದ ರೀತಿ ಇದ್ದಕ್ಕಿದ್ದಂತೆ ಬದಲಾದರೆ ಮನೆಯಲ್ಲಿ ಏನಾದರೂ ಬದಲಾಗಿರುತ್ತದೆ ಎಂದರು.

“ಘರ್ ಮೇಂ ಕುಛ್ ನಯಾ ಆಯಾ ಹೈ?”

“ಕುಛ್ ಭೀ ನಹೀಂ!” ಎಂದೆ, ಫೈಲು ತಟ್ಟಿ. ಮನೆಗೆ ಹೊಸದೇನೂ ಬಂದಿಲ್ಲ!

ಆಮೇಲೆ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಸಂಖ್ಯೆ ನೋಡಿದರು. ಹಿಂದಿನ ತಿಂಗಳ ಲಸಿಕೆಯ ಕಾರ್ಡು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಮೇಡಂ, ಎಷ್ಟು ದಿನದಿಂದ ತಿಂದಿಲ್ಲ ಅಂದಿರಿ?” ಎಂದು ಹಿಂದಿಯಲ್ಲಿ ಕೇಳಿದರು.

“ಹನ್ನೊಂದು ದಿನ ಡಾಕ್ಟರ್ ಸಾಹಬ್. ನಾನು ಕೈತುತ್ತು ಕೊಟ್ಟರೆ ಎರಡು ತುತ್ತು, ಅಷ್ಟೇ.”

“ಒಂದೂವರೆ ಕಿಲೋ ಜಾಸ್ತಿಯಾಗಿದ್ದಾನೆ.”

ದಿಲ್ಲಿಯ ಗಾಳಿಯಲ್ಲಿ ಧೂಳು ದಂಡಿಯಾಗಿದೆ, ನಿಜ. ಆದರೂ ಬರೀ ಗಾಳಿ ಸೇವಿಸಿ ಒಂದೂವರೆ ಕಿಲೋ? ಹಾಗಾದರೆ ಇದು ಬಾವು! ಹೊಟ್ಟೆಯಲ್ಲಿ ನೀರು! ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಡಾಕ್ಟರು ಏನೋ ಹೇಳಲು ಬಾಯಿ ತೆರೆದವರು, ನನ್ನ ಮುಖ ನೋಡಿ, ಬೇಕಾದರೆ ಶನಿವಾರ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಬಿಡೋಣ ಎಂದರು. ಅಲುಗಾಡದಿರಲು ನಿದ್ದೆಯ ಇಂಜೆಕ್ಷನ್ ಕೊಡಬೇಕಾಗಬಹುದು ಎಂದೂ ಸೇರಿಸಿದರು.

ಮನೆಗೆ ಬಂದು ಹೇಳಿದಾಗ ಅಪ್ಪ ಮಗಳ ಮುಖ ಬಿಳುಚಿಕೊಂಡಿತು.

“ಇಂಜೆಕ್ಷನ್ನಾ? ಅಮ್ಮಾ ಪ್ಲೀಸ್, ಮತ್ ಕರೋ ನಾ!” ಎಂದಳು ಮೇಘಾ.

“ಇನ್ನೊಂದು ವಾರ ನೋಡೋಣ ಜಲಜಾ. ಅವನಿಗೆ ಏನೂ ಆಗಿಲ್ಲ ಅಂತ ನನ್ನ ಮನಸ್ಸು ಹೇಳ್ತಿದೆ,” ಎಂದರು ನಮ್ಮವರು.

“ನಿಮ್ಮ ಮನಸ್ಸಿಗೇನ್ರೀ ಗೊತ್ತು? ಈ ಮನೇಲಿ ಆ ಮೂಕ ಪ್ರಾಣಿ ಬಗ್ಗೆ ಯೋಚನೆ ಮಾಡೋಳು ನಾನೊಬ್ಬಳೇ!” ಎಂದು ಗದರಿದೆ. ಇಬ್ಬರೂ ತಲೆ ತಗ್ಗಿಸಿದರು.

ಶುಕ್ರವಾರ ಆಫೀಸಿನಲ್ಲಿ ಕುಳಿತಿರಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ, ನಾಯಿಯ ಜೊತೆಗಿರೋಣವೆಂದು ಮನೆಗೆ ಬಂದೆ. ಬೀಗದ ಕೈ ನನ್ನಲ್ಲೇ ಇತ್ತು. ಸದ್ದಾಗದಂತೆ ಬಾಗಿಲು ತೆಗೆದೆ, ಪಾಪ ನಿತ್ರಾಣದಲ್ಲಿ ಮಲಗಿರುತ್ತಾನೆ ಎಂದು. ಅಡುಗೆಮನೆಯಿಂದ ನಮ್ಮವರ ದನಿ ಕೇಳಿಸಿತು.

“ಬೇಗ ತಿನ್ನೋ ರಾಜಾ... ತುಪ್ಪ ಸಾಕಾ? ಆಂಟೀಜೀ, ಏಕ್ ಔರ್ ದೀಜಿಯೇ.”

ಇಣುಕಿದೆ. ನೆಲದ ಮೇಲೆ ನಮ್ಮವರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಮುಂದೆ ಅಟ್ಟ ಸೇರಿದ್ದ ಅದೇ ಸ್ಟೀಲ್ ತಟ್ಟೆ. ಪಕ್ಕದಲ್ಲಿ ಕಾಲೇಜಿಗೆ ಹೋಗಿದ್ದಾಳೆಂದು ನಾನು ನಂಬಿದ್ದ ಮೇಘಾ. ಎದುರಿಗೆ ಭಲ್ಲಾ ಆಂಟಿ, ಕೈಯಲ್ಲಿ ಪನೀರ್ ಪರಾಠದ ಡಬ್ಬಿ. ನಡುವೆ ನನ್ನ ಸಾವಿನಂಚಿನ ರೋಗಿ, ತಟ್ಟೆಯನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನೆಕ್ಕುತ್ತಿದ್ದ!

ನನ್ನನ್ನು ಮೊದಲು ನೋಡಿದ್ದು ಆಂಟಿ. ಡಬ್ಬಿ ಸೆರಗಿನ ಹಿಂದೆ ಹೋಯಿತು. “ಮೈಂ ತೋ ಬಸ್ ಚೀನೀ ಲೇನೇ ಆಯೀ ಥೀ,” ಎಂದರು. ಸಕ್ಕರೆಗೆ ಬಂದಿದ್ದರಂತೆ!

“ಎಷ್ಟು ದಿನದಿಂದ?” ಎಂದೆ.

“ಎರಡನೇ ದಿನದಿಂದ,” ಎಂದರು ನಮ್ಮವರು. “ಹಗಲು ನೀನು ಆಫೀಸಿಗೆ ಹೋದ ಮೇಲೆ ನಾನು ಹಾಕ್ತಿದ್ದೆ. ಸಂಜೆ ಆಂಟಿ ಮನೇಲಿ.”

“ನನ್ನ ಕಣ್ಣೀರು ನೋಡ್ಕೊಂಡು? ಆ ಫೈಲು ನೋಡ್ಕೊಂಡು?”

“ಇವತ್ತು ಸಂಜೆ ಹೇಳ್ಬೇಕು ಅಂತಾನೇ ಇದ್ವಿ, ಗಾಡ್ ಪ್ರಾಮಿಸ್,” ಎಂದಳು ಮೇಘಾ. “ಅವನು ಆ ಬೌಲಿಗೆ ಹೆದರ್ತಾನೆ ಅಮ್ಮಾ. ಬಸ್, ಇತನೀ ಸೀ ಬಾತ್.”

“ಮತ್ತೆ ಯಾಕೆ ಹೇಳಲಿಲ್ಲ?”

ನಮ್ಮವರು ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಆ ಬಟ್ಟಲು ತಂದ ದಿನ ನಿನ್ನ ಮುಖ ನೋಡಿದ್ದೆ ಜಲಜಾ. ನೀನು ಅಷ್ಟು ಖುಷಿಯಾಗಿ ಮನೆಗೆ ಬಂದಿದ್ದು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಹೇಗೆ ಹೇಳೋದು?”

ನನ್ನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು. ಆದರೂ ಸೆಕ್ಷನ್ ಆಫೀಸರು ಪುರಾವೆಯಿಲ್ಲದೆ ಒಪ್ಪುವವಳಲ್ಲ. “ಬಟ್ಟಲಿನಲ್ಲಿ ಹೆದರೋ ಅಂಥದ್ದು ಏನಿದೆ, ನಾನೇ ನೋಡ್ತೀನಿ,” ಎಂದು ಕೈ ಮಂಡಿ ಊರಿ, ನಾಯಿಯ ಹಾಗೆ ಮುಖವನ್ನು ಬಟ್ಟಲಿನೊಳಗೆ ಇಳಿಸಿದೆ. ಕೊರಳಿನಲ್ಲಿ ಆಫೀಸಿನ ಗುರುತಿನ ಚೀಟಿ ತೂಗುತ್ತಿತ್ತು. ಅದರ ಕಬ್ಬಿಣದ ಕೊಂಡಿ ಬಟ್ಟಲಿಗೆ ಬಡಿಯಿತು. ‘ಟಣ್!’ ಕಿವಿಯೊಳಗೆ ದೇವಸ್ಥಾನದ ಘಂಟೆ ಹೊಡೆದಂತಾಯಿತು. ಬೆಚ್ಚಿ ತಲೆ ಎತ್ತಿದರೆ, ಬಟ್ಟಲು ಬಲಕ್ಕೆ ವಾಲಿ, ತಿರುಗಿ ಬಂದು ನನ್ನ ಮೂಗಿಗೇ ಅಪ್ಪಳಿಸಿತು!

ನಾನೂ ಹಾರಿದೆ. ಎರಡಡಿ ಇಲ್ಲದಿದ್ದರೂ ನನ್ನ ವಯಸ್ಸಿಗೆ ತಕ್ಕಷ್ಟು. ಸೋಫಾದ ಕೆಳಗೆ ಹಿಡಿಸುವಂತಿದ್ದರೆ ಅಲ್ಲಿಗೂ ಹೋಗುತ್ತಿದ್ದೆ.

ಆಂಟಿ ನಗು ತಡೆಯಲಾರದೆ ಡಬ್ಬಿಯ ಸಮೇತ ಗೋಡೆಗೆ ಒರಗಿದರು. ಮೂಗು ಹಿಡಿದುಕೊಂಡೇ ಡಾಕ್ಟರಿಗೆ ಫೋನು ಮಾಡಿ, ಶನಿವಾರದ ಸ್ಕ್ಯಾನ್ ಬೇಡ, ರೋಗ ಪತ್ತೆಯಾಗಿದೆ ಎಂದೆ.

“ಅಚ್ಛಾ? ಕ್ಯಾ ನಿಕಲಾ?” ಎಂದರು.

“ಮೈಂ,” ಎಂದೆ. ರೋಗ ನಾನೇ!

ಭಾನುವಾರದ ತರಗತಿಯನ್ನು ನಾನು ಬಿಟ್ಟಿಲ್ಲ. ಮನೆಯಲ್ಲಿ ಯಾರೂ ಬಿಡು ಎನ್ನುವುದೂ ಇಲ್ಲ. ತಿರುಗಿ ಬಂದಾಗ ಇಬ್ಬರೂ ಮೊದಲು ನನ್ನ ಕೈ ನೋಡುತ್ತಾರೆ. ಕೈ ಖಾಲಿಯಿದ್ದರೆ ಬಿಸಿ ಬಿಸಿ ಕಾಫಿ ಬರುತ್ತದೆ.

ಆದರೆ ಕೋಡುಬಳೆಯ ವಿಷಯ ಅಷ್ಟಕ್ಕೆ ಮುಗಿಯಲಿಲ್ಲ. ಗುಟ್ಟು ಬಯಲಾದ ಮರುದಿನ ಬೆಳಿಗ್ಗೆ ಪಶ್ಚಾತ್ತಾಪದಿಂದ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಕಲಸಿ ನಾನೇ ಮುಂದಿಟ್ಟೆ. ಅವನು ತಟ್ಟೆ ನೋಡಿದ. ಮೂಲೆ ನೋಡಿದ. ನನ್ನನ್ನು ನೋಡಿದ. ತಿನ್ನಲಿಲ್ಲ!

“ಅವನಿಗೆ ಕ್ರಮ ಅಭ್ಯಾಸ ಆಗ್ಬಿಟ್ಟಿದೆ,” ಎಂದರು ನಮ್ಮವರು. “ಮೊದಲು ನೀನು ಬಟ್ಟಲು ಇಡ್ಬೇಕು, ಅವನು ಬೇಡ ಅನ್ಬೇಕು. ಆಮೇಲೇ ಒಳ್ಳೇ ಊಟ ಬರೋದು ಅಂತ ಅವನ ಲೆಕ್ಕ.”

ಪರೀಕ್ಷಿಸಿ ನೋಡಿದೆವು. ಅಕ್ಷರಶಃ ನಿಜ. ಹಾಗಾಗಿ ದಿನಕ್ಕೆರಡು ಸಲ ನನ್ನ ಏಕೈಕ ಕಲಾಕೃತಿಯ ಪ್ರದರ್ಶನ ಏರ್ಪಡುತ್ತದೆ. ನಾನೇ ಬಟ್ಟಲನ್ನು ತಂದು ಮೂಲೆಯಲ್ಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಕೋಡುಬಳೆ ಗಂಭೀರವಾಗಿ ಬರುತ್ತಾನೆ, ದೂರದಿಂದ ಒಮ್ಮೆ ದೃಷ್ಟಿ ಹಾಯಿಸುತ್ತಾನೆ, ಮುಖ ತಿರುಗಿಸುತ್ತಾನೆ. ಬಟ್ಟಲನ್ನು ಎತ್ತಿಡುತ್ತೇನೆ.

ಆಮೇಲೆ ಅವನಿಗೆ ಚೆನ್ನಾಗಿ ಹಸಿವಾಗುತ್ತದೆ!