ಹೊಳೆ ಬೀದಿಯಲ್ಲಿ ಕಲ್ಲುಕಟ್ಟೆ ತೆರವು

ಯುಗಾದಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೊನ್ನಾಳಿಯ ಹೊಳೆ ಬೀದಿಯಲ್ಲಿ ರುದ್ರಪ್ಪ ಎಂಬುವರ ಮನೆಯ ಮುಂದೆ ಕಲ್ಲುಕಟ್ಟೆ ಇತ್ತು. ಸಂಜೆ ನಾಲ್ಕಕ್ಕೆ ಇರಲಿಲ್ಲ. ಘಟನೆಗೆ ಕಾರಣನಾದ ವ್ಯಕ್ತಿ ನಾನೇ.

ನಾನು ದಾವಣಗೆರೆಯ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಬೆಳೆದದ್ದು ಜಗಳೂರಿನಲ್ಲಿ. ಹೊಳೆಯನ್ನೇ ಕಾಣದ ನನಗೆ ಮೊದಲು ಹೊಳೆ ತೋರಿಸಿದ್ದು ಒಂದು ಕಾದಂಬರಿ. ಹೊನ್ನಾಳಿಯಲ್ಲಿ ನಡೆಯುವ ಆ ಕಥೆಯ ನಾಯಕಿ ದಿನವೂ ಕಲ್ಲುಕಟ್ಟೆಯ ಮೇಲೆ ಕುಳಿತು, ದೋಣಿಯಿಂದ ಇಳಿದು ಬರುವವನಿಗಾಗಿ ಕಾಯುತ್ತಾಳೆ. ಕಟ್ಟೆಯಿಂದ ನೀರಿಗೆ ತೊಂಬತ್ತಾರು ಹೆಜ್ಜೆ ಎಂದು ಪುಸ್ತಕದಲ್ಲಿದೆ. ಪರಿಶೀಲಿಸದೆ ಯಾವುದನ್ನೂ ಒಪ್ಪಬಾರದೆಂಬುದು ವೃತ್ತಿಧರ್ಮ. ಅಳತೆ ಟೇಪು ಒಯ್ದಿದ್ದೆ.

ಪಕ್ಕದಲ್ಲಿ ಬೇವಿನ ಮರ, ಮೂಲೆ ಮುರಿದ ಹಾಸುಗಲ್ಲು, ಬೀದಿಯ ಕೊನೆಗೆ ಹೊಳೆಯುವ ನೀರು. ಪುಸ್ತಕದ ಒಂದಕ್ಷರವೂ ತಪ್ಪಿರಲಿಲ್ಲ. ಮೈ ನವಿರೆದ್ದಿತು. ಚಪ್ಪಲಿ ಬಿಟ್ಟು ನಿಂತೆ.

"ಇದು ದೇವಸ್ಥಾನ ಅಲ್ರೀ. ಕಾಲು ಸುಡ್ತೈತೆ, ಚಪ್ಪಲಿ ಹಾಕ್ಕಳ್ರಿ" ಎಂದಳು ನನ್ನ ಹೆಂಡತಿ ಸುಮಾ.

ಅಳತೆ ಎಲ್ಲಿಂದ ಆರಂಭವೆಂದು ಗೊತ್ತಿರಲಿ ಎಂದು, ಕಚೇರಿಯ ಕೆಂಪು ಪೆನ್ಸಿಲಿನಿಂದ ಕಟ್ಟೆಯ ಅಂಚಿಗೊಂದು ಗುರುತು ಹಾಕಿದೆ. ಸುಮಾ ಟೇಪಿನ ತುದಿ ಹಿಡಿದಳು. ರುದ್ರಪ್ಪ ಹೊರಗೆ ಬಂದರು.

"ಎಲ್ಲಿಂದ ಬಂದ್ರಿ ಸರ್?"

"ದಾವಣಗೆರೆಯಿಂದ."

"ಏನ್ ಅಳೀತಿದೀರಿ?"

"ಈ ಕಟ್ಟೆಯಿಂದ ಹೊಳೆಯವರೆಗೆ."

ಕೇಳಿದ್ದಕ್ಕಷ್ಟೇ ಉತ್ತರಿಸಿದೆ. ಅವರೂ ಹೆಚ್ಚು ಕೇಳಲಿಲ್ಲ.

ಟೇಪಿನ ಜೊತೆಗೆ ಎಣಿಸಿದ ಹೆಜ್ಜೆ ನೂರಾ ಎರಡಾಯಿತು. "ಬರೆದೋನಿಗೆ ಉದ್ದ ಕಾಲಿರಬೇಕು" ಎಂದಳು ಸುಮಾ. ಮರಳಿನ ಮೇಲೆ ಕುಳಿತು ಚಿತ್ರಾನ್ನ ತಿಂದೆವು. ದೋಣಿಯ ಅಧ್ಯಾಯವನ್ನು ಹೊಳೆಗೆ ಕೇಳುವಂತೆ ಓದಿದೆ. ಇಷ್ಟು ವರ್ಷ ಕಾಗದದ ಮೇಲಿದ್ದ ನೀರು ಕಾಲಿಗೆ ತಣ್ಣಗೆ ತಾಗುತ್ತಿತ್ತು.

ನಾಲ್ಕಕ್ಕೆ ಮರಳಿದಾಗ ಎದುರುಮನೆಯ ಟೈಲರ್ ತನ್ನ ಅಂಗಡಿ ಮುಂದಿನ ತಗಡು ಬಿಚ್ಚುತ್ತಿದ್ದ. ರುದ್ರಪ್ಪ ಹಾರೆ ಹಿಡಿದು ಬೆವರುತ್ತಿದ್ದರು. ಕಟ್ಟೆ ಇದ್ದ ಜಾಗದಲ್ಲಿ ಅವರ ತಾಯಿ ಬೋರಲು ಹಾಕಿದ ಬಕೆಟ್ ಮೇಲೆ ಕೂತಿದ್ದರು.

"ನೀವು ಕೆಂಪು ಗುರುತು ಹಾಕಿ ಹೋದ್ರಲ್ಲ. ರಸ್ತೆ ಅಗಲ ಮಾಡಾಕೆ ಜೆಸಿಬಿ ಬಂದ್ರೆ ಗೋಡೇನೂ ಸೇರಿ ಕೀಳ್ತೈತೆ. ಕಲ್ಲಾದ್ರೂ ಉಳೀಲಿ ಅಂತ ನಾವೇ ತೆಗೆದ್ವಿ. ಗೋಡೆ ಒಂದು ಬಿಟ್ಬಿಡ್ರಿ ಸರ್" ಎಂದರು ರುದ್ರಪ್ಪ.

ಸುಮಾಳೇ ನಿಜ ಹೇಳಿದಳು: "ಇವರು ಆಫೀಸರ್ ಅಲ್ರೀ. ಕಾದಂಬರಿ ಓದಿ ಬಂದಾರೆ."

ರುದ್ರಪ್ಪ ಹಾರೆ ಕೆಳಗಿಟ್ಟರು. "ಕಾದಂಬರಿ ಓದೋರಿಗೆ ಟೇಪ್ ಯಾಕ್ರೀ ಬೇಕು?"

ಪುಸ್ತಕ ತೆರೆದು ಕಟ್ಟೆಯ ಪುಟ ಓದಿ ತೋರಿಸಿದೆ. ಅಜ್ಜಿ ಪೂರ್ತಿ ಕೇಳಿದರು.

"ಆ ಹುಡುಗಿ ಕೊನೀಗೆ ಏನಾದ್ಲಪ್ಪ?"

"ಕೊನೆಯ ಪುಟದವರೆಗೂ ಕಟ್ಟೆ ಮೇಲೇ ಕೂತಿರ್ತಾಳೆ, ಅಜ್ಜಿ."

"ನಾನೂ ಮದುವೆಯಾಗಿ ಬಂದಾಗಿನಿಂದ ಅದರ ಮ್ಯಾಲೇ ಕುಂತಿದ್ದೆ. ಇವತ್ತು ಮಧ್ಯಾಹ್ನದ ತನಕ."

ಕಟ್ಟೆ ಮತ್ತೆ ಕಟ್ಟಲೆಂದು ಟೈಲರ್, ರುದ್ರಪ್ಪ ಮತ್ತು ನಾನು ಹಾಸುಗಲ್ಲಿಗೆ ಕೈ ಹಾಕಿದೆವು. ಕಲ್ಲು ಎತ್ತಿದ್ದು ಅವರಿಬ್ಬರು. ನಾನು ಹಿಡಿದುಕೊಂಡಿದ್ದೆ. ಕೊನೆಯ ದಾವಣಗೆರೆ ಬಸ್ಸು ತಪ್ಪಿತು.

ಕಳೆದ ವಾರ ರುದ್ರಪ್ಪ ಫೋನ್ ಮಾಡಿದ್ದರು. ನಿಜವಾದ ಆಫೀಸರ್ ಬಂದರೂ ಉಳಿಯಲಿ ಎಂದು ಕಟ್ಟೆ ಹಳೆಯ ಜಾಗಕ್ಕಿಂತ ಎರಡು ಅಡಿ ಒಳಗೆ ನಿಂತಿದೆ. ಅಜ್ಜಿ ಅದರ ಮೇಲೆ ಕೂರುತ್ತಿದ್ದಾರೆ. ಅಲ್ಲಿಂದ ನೀರಿಗೆ ಈಗ ಎಷ್ಟು ಹೆಜ್ಜೆ ಎಂಬುದು ದೃಢಪಟ್ಟಿಲ್ಲ.