ಡಬ್ಬಿ ಟ್ರಾಲಿ ಕುಡಿದ ಡೀಸೆಲ್

ಪಾಠ ಹೇಳಿ ಬದುಕುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರೂ ಪ್ರಶ್ನೆ ಕೇಳದಿದ್ದರೂ ಉತ್ತರ ಹೇಳುವ ಕಾಯಿಲೆ. ವಿಜಯಪುರದ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಭೌತಶಾಸ್ತ್ರ ಹೇಳುತ್ತಿರುವ ನನಗೆ ಅದು ತುಸು ಹೆಚ್ಚೇ ಅಂಟಿದೆ. ನಮ್ಮ ಪಠ್ಯದ ಲೆಕ್ಕಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಗಾಳಿಯ ಪ್ರತಿರೋಧವನ್ನು ಪರಿಗಣಿಸಬೇಕಾಗಿಲ್ಲ. ಚೆಂಡು ಮೇಲೆ ಹೋಗಲಿ, ಕಲ್ಲು ಕೆಳಗೆ ಬೀಳಲಿ, ರೈಲು ಓಡಲಿ, ನಾನು ಮತ್ತು ನನ್ನ ವಿದ್ಯಾರ್ಥಿಗಳು ಗಾಳಿಯನ್ನು ಬಾಗಿಲಾಚೆ ನಿಲ್ಲಿಸಿಯೇ ಲೆಕ್ಕ ಬಿಡಿಸುತ್ತ ಬಂದಿದ್ದೇವೆ. ಅಂಥ ನಾನು ಒಂದು ದಿನ ಗಾಳಿಯ ವಿಷಯದಲ್ಲೇ ತಜ್ಞನಾಗಿಬಿಟ್ಟೆ.

ನನ್ನ ಹೆಂಡತಿ ಸುನಂದಾಳ ತಮ್ಮ ಬಸವರಾಜ, ಮನೆಯವರ ಬಾಯಲ್ಲಿ ಬಸು, ಘೋಣಸಗಿಯಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಹಣ್ಣನ್ನು ಅಲ್ಲಿಯೇ ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿಯನ್ನು ಪೆಟ್ಟಿಗೆಗೆ ತುಂಬಿ, ಹಳೆಯ ಜೀಪಿನ ಹಿಂದೆ ಟ್ರಾಲಿ ಕಟ್ಟಿಕೊಂಡು, ತಿಕೋಟಾ ತೊರವಿ ಹಾದು ವಿಜಯಪುರದ ಕೋಲ್ಡ್ ಸ್ಟೋರೇಜಿಗೆ ತರುತ್ತಾನೆ. ಟ್ರಾಲಿ ಎಂದರೆ ನಾಲ್ಕು ಕಡೆ ಮೊಣಕಾಲೆತ್ತರದ ಹಲಗೆ, ಮೇಲೆ ಆಕಾಶ. ತಾಡಪತ್ರಿ ಹೊದಿಸಿ ಹಗ್ಗ ಬಿಗಿದರೂ ದಾರಿಯ ಧೂಳು ತನಗೆ ಬೇಕಾದ ಸಂದು ಹುಡುಕಿಕೊಳ್ಳುತ್ತದೆ. ನಮ್ಮ ಮನೆ ಇರುವುದು ತೊರವಿಯಲ್ಲಿ. ಹೀಗಾಗಿ ಬಸು ಊರಿಗೆ ಮರಳುವಾಗ ನಮ್ಮಲ್ಲಿ ಚಹಾ ಕುಡಿದೇ ಹೋಗುವುದು ರೂಢಿ. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದು ಅಕ್ಕನಿಗೆ ಹೇಳಿದ, "ವ್ಯಾಪಾರಿ ಪೆಟ್ಟಿಗಿ ಮ್ಯಾಲ ಬೆರಳ ಎಳದು ತೋರಿಸಿದ ನೋಡಕ್ಕಾ. ನಿಮ್ಮ ಮಾಲಿಗಿಂತ ನಿಮ್ಮ ಊರಿನ ಮಣ್ಣ ಚಲೋ ಐತಿ ಅಂದ."

ಅವನು ಹೇಳಿದ್ದು ಅಕ್ಕನಿಗೆ. ಉತ್ತರ ಕೊಟ್ಟವನು ನಾನು. "ಟ್ರಾಲಿಗಿ ತಗಡಿನ ಡಬ್ಬಿ ಕೂಡಸು. ಧೂಳೂ ಬರಂಗಿಲ್ಲ, ಮಳಿನೂ ಬರಂಗಿಲ್ಲ." ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇಂದಿಗೂ ಆ ಮನೆತನದ ಜಾಣ ಅಳಿಯನಾಗಿ ಉಳಿದಿರುತ್ತಿದ್ದೆ. ಆದರೆ ಮುಂದುವರಿಸಿದೆ, "ಡೀಸೆಲ್ಲೂ ಉಳಿತೈತಿ." ತೆರೆದ ಟ್ರಾಲಿ ಬಕೆಟ್ಟಿನ ಹಾಗೆ ಗಾಳಿ ತುಂಬಿಕೊಳ್ಳುತ್ತದೆ, ನುಣುಪಾದ ಡಬ್ಬಿಯ ಮೇಲಿಂದ ಗಾಳಿ ಜಾರಿ ಹೋಗುತ್ತದೆ ಎಂದು ಅಂದಿನ ಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದೆ. ಗಾಳಿ ಎಂದು ನಾನು ಬರೆದ ಬಾಣಗಳೆಲ್ಲ ಡಬ್ಬಿಯನ್ನು ಬಹಳ ವಿನಯದಿಂದ ಬಳಸಿಕೊಂಡು ಹೋದವು. ಬಸು ಆ ಅಂಚನ್ನು ಹರಿದು ಜೇಬಿನಲ್ಲಿಟ್ಟುಕೊಂಡ.

ಬಬಲೇಶ್ವರದಲ್ಲಿ ಈರಪ್ಪ ಎಂಬ ವೆಲ್ಡಿಂಗ್ ಕೆಲಸದವನಿದ್ದಾನೆ. ಭಾನುವಾರ ಟ್ರಾಲಿಯೊಂದಿಗೆ ನಾನೂ ಹೋದೆ. "ಜೀಪಿನ ಟಾಪ್ ಎಷ್ಟ ಎತ್ತರ ಐತಿ, ಡಬ್ಬಿನೂ ಅಷ್ಟ ಇಡೂಣ್ರಿ ಸರ. ಮುಂದಿನ ಮಾರಿ ಒಂದೀಟ ಇಳಕಲ ಮಾಡೂಣು," ಎಂದ. ನಾನು ಒಪ್ಪಲಿಲ್ಲ. ಒಳಗೆ ನಿಂತು ಪೆಟ್ಟಿಗೆ ಜೋಡಿಸುವವರ ಸೊಂಟದ ಗತಿಯೇನು? ಟ್ರಾಲಿ ಹತ್ತಿ ನೆಟ್ಟಗೆ ನಿಂತು ತೋರಿಸಿದೆ. ಈರಪ್ಪ ನನ್ನ ತಲೆಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿದ. ಇನ್ನೊಂದು ಗೇಣು ಇರಲಿ ಎಂದೆ. "ಗಾಳಿ ಹೊಡಿತೈತ್ರಿ ಸರ," ಎಂದ. "ಹೊಡಿಯಂಗಿಲ್ಲ, ಜಾರತೈತಿ," ಎಂದೆ. ಈರಪ್ಪ ನನ್ನನ್ನೊಮ್ಮೆ ನೋಡಿ, ಮುಖದ ಮೇಲೆ ವೆಲ್ಡಿಂಗ್ ಮುಸುಕು ಇಳಿಸಿಕೊಂಡ. ಆ ಕಸುಬಿನವರಿಗೆ ಇದೊಂದು ದೊಡ್ಡ ಅನುಕೂಲ. ಎದುರಿಗಿದ್ದವರ ಮಾತು ಸಾಕೆನಿಸಿದಾಗ ಯಾರಿಗೂ ಬೇಸರವಾಗದಂತೆ ಮರೆಯಾಗಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ಅಂಥದ್ದೊಂದು ಇಲ್ಲವಲ್ಲ ಎಂದು ನಾನು ಎಷ್ಟೋ ಸಲ ಹಲುಬಿದ್ದೇನೆ. ನನ್ನ ಸಹೋದ್ಯೋಗಿಗಳೂ ಹಲುಬಿರಬೇಕು.

ಡಬ್ಬಿಗೆ ಬಿಳಿ ಬಣ್ಣ ಬಳಿದಾಯಿತು. ಹಿಂದಿನಿಂದ ನೋಡಿದರೆ ಜೀಪು ಕಾಣುತ್ತಲೇ ಇರಲಿಲ್ಲ. ಯಾರದೋ ಮನೆಯ ಒಂದು ಖೋಲಿ ಬೇಸರವಾಗಿ ವಿಜಯಪುರಕ್ಕೆ ಹೊರಟಂತಿತ್ತು. ಪೆಟ್ಟಿಗೆಗಳ ಮೇಲೆ ಬೆರಳೆಳೆದ ವ್ಯಾಪಾರಿಗೆ ಏನೂ ಸಿಗಲಿಲ್ಲ. ಬಸು ಖುಷಿಯಾದ, ನಾನು ಇನ್ನೂ ಖುಷಿಯಾದೆ. ಎರಡು ವಾರ ಕಳೆದ ಮೇಲೆ ಬಸು ಸಂಕೋಚದಿಂದ, "ಮಾಮಾ, ಜೀಪ ಭಾಳ ಕುಡ್ಯಾಕತ್ತೈತ್ರಿ," ಎಂದ. ಟೈರಿನ ಹವಾ ನೋಡು ಎಂದೆ. ನೋಡಿಸಿದ. ಫಿಲ್ಟರ್ ಬದಲಿಸು ಎಂದೆ. ಬದಲಿಸಿದ. ನಿನ್ನ ಕಾಲೇ ಭಾರ, ಹಗುರಾಗಿ ಒತ್ತು ಎಂದೆ. ಪಾಪ, ಕಾಲನ್ನೂ ಹಗುರ ಮಾಡಿಕೊಂಡ. ಜೀಪು ಮಾತ್ರ ಕುಡಿಯುವುದು ಬಿಡಲಿಲ್ಲ.

ಕೊನೆಗೆ ಪ್ರಯೋಗವೇ ಆಗಲಿ ಎಂದೆ. ಬೋಲ್ಟು ಬಿಚ್ಚಿದರೆ ಡಬ್ಬಿ ಇಡಿಯಾಗಿ ಕೆಳಗಿಳಿಯುತ್ತಿತ್ತು. ತಿಕೋಟಾದ ಪೆಟ್ರೋಲ್ ಪಂಪಿನಲ್ಲಿ ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸುವುದು, ವಿಜಯಪುರಕ್ಕೆ ಹೋಗಿ ಬರುವುದು, ಮತ್ತೆ ಕುತ್ತಿಗೆಯವರೆಗೆ ತುಂಬಿಸಿ ಎಷ್ಟು ಹಿಡಿಯಿತೆಂದು ನೋಡುವುದು. ಒಂದು ದಿನ ತೆರೆದ ಟ್ರಾಲಿ, ಮರುದಿನ ಡಬ್ಬಿ. ಡಬ್ಬಿ ಇಲ್ಲದ ದಿನ ಅದರ ತೂಕಕ್ಕೆ ಸಮನಾಗಿ ಮರಳಿನ ಚೀಲ ಹೇರಿಸಿದೆ. ನಿಷ್ಪಕ್ಷಪಾತ ಸಾಕ್ಷಿಯಾಗಿ ಸುನಂದಾ ಜೊತೆಗೆ ಬಂದಳು. ಪಂಪಿನಲ್ಲಿ ಡೀಸೆಲ್ ಇನ್ನೊಂದು ತೊಟ್ಟು ಹಿಡಿಯಲೆಂದು ನಾನು ಜೀಪನ್ನು ಹಿಡಿದು ಅಲ್ಲಾಡಿಸುತ್ತಿದ್ದರೆ ಜನ ದೂರ ಸರಿದು ನಿಂತರು. ನನ್ನ ಪ್ರಯೋಗದ ವಿಧಾನದಲ್ಲಿ ಒಂದು ತಪ್ಪೂ ಇರಲಿಲ್ಲ. ಅದೇ ತೊಂದರೆಯಾಯಿತು. ತೆರೆದ ಟ್ರಾಲಿಗೆ ನಾಲ್ಕು ಲೀಟರ್ ಹಿಡಿದ ಜೀಪು ಡಬ್ಬಿಗೆ ಐದರ ಮೇಲೆ ಹಿಡಿಯಿತು.

"ಇವತ್ತ ಹೋಗುವಾಗ ಎದುರಗಾಳಿ ಇತ್ತು," ಎಂದೆ.

"ಬರುವಾಗ?" ಸುನಂದಾ ಕೇಳಿದಳು.

"ಬರುವಾಗೂ ಸ್ವಲ್ಪ ಎದುರಿಗೇ ಇತ್ತು."

"ಹೋಗುವಾಗೂ ಎದುರ, ಬರುವಾಗೂ ಎದುರ. ಗಾಳಿಗಿ ನಿಮ್ಮ ಮ್ಯಾಲ ಏನ್ ಸಿಟ್ಟರಿ?" ಎಂದಳು. ಬಸು ತಲೆ ತಗ್ಗಿಸಿ ಸ್ಟೇರಿಂಗ್ ಒರೆಸತೊಡಗಿದ. ಒಂದೇ ಪ್ರಯೋಗದಿಂದ ಏನನ್ನೂ ತೀರ್ಮಾನಿಸಬಾರದು, ಹಂಗಾಮು ಮುಗಿಯಲಿ ಎಂದು ನಾನು ಪ್ರಕರಣವನ್ನು ಮುಂದೂಡಿದೆ.

ಹಂಗಾಮಿನ ಕೊನೆಯ ಖೇಪಿನ ದಿನ ನಾನೂ ಸುನಂದಾಳೂ ಘೋಣಸಗಿಯಲ್ಲೇ ಇದ್ದೆವು. ಮಧ್ಯಾಹ್ನ ಮೋಡ ಕಟ್ಟಿತು. ವರ್ಷವಿಡೀ ದುಡಿದು ಮಾಡಿದ ಮಾಲು. ಒಮ್ಮೆ ನೆನೆದರೆ ಬಣ್ಣವೂ ಹೋಯಿತು, ದರವೂ ಹೋಯಿತು. ಎಲ್ಲರೂ ಸೇರಿ ಗಡಿಬಿಡಿಯಲ್ಲಿ ಪೆಟ್ಟಿಗೆ ಹೇರಿದೆವು. "ತಿಕೋಟಾದಾಗ ಡೀಸೆಲ್ ಹಾಕ್ಸೂಣ್ರಿ ಮಾಮಾ," ಎಂದ ಬಸು. ಜೀಪಿನ ಡೀಸೆಲ್ ಮುಳ್ಳು ಕೆಟ್ಟು ಎಷ್ಟೋ ವರ್ಷವಾಗಿತ್ತು. ಹಿಂದೆ ಹಾಕಿಸಿದ್ದೆಷ್ಟು, ಓಡಿದ್ದೆಷ್ಟು ಎಂದು ಕೇಳಿ, ನಾನು ಮನಸ್ಸಿನಲ್ಲೇ ಗುಣಾಕಾರ ಮಾಡಿ, "ವಿಜಯಪುರ ಮುಟ್ಟೂತನಕ ಸಾಕಾಗ್ತೈತಿ. ಮಳಿ ಬರೂದ್ರಾಗ ನಡಿ," ಎಂದೆ. ಲೆಕ್ಕ ಸರಿಯಾಗಿಯೇ ಇತ್ತು, ತೆರೆದ ಟ್ರಾಲಿಗೆ. ಡಬ್ಬಿಯ ಅಂಕಿಯನ್ನು ನಾನಿನ್ನೂ ಒಪ್ಪಿಕೊಂಡಿರಲಿಲ್ಲವಲ್ಲ.

ತಿಕೋಟಾ ದಾಟಿದ ಮೇಲೆ ಬಯಲು. ಅಂದು ನಿಜವಾಗಿಯೂ ಎದುರುಗಾಳಿ ಇತ್ತು, ಆದರೆ ಹೇಳುವ ಧೈರ್ಯ ನನಗಾಗಲಿಲ್ಲ. ತೊರವಿ ಇನ್ನೂ ಎರಡು ಮೈಲಿ ಇರುವಾಗ ಜೀಪು ಎರಡು ಸಲ ಕೆಮ್ಮಿ ನಿಂತಿತು. ಅದೇ ಹೊತ್ತಿಗೆ ಮಳೆಯೂ ಬಂತು. ಸುನಂದಾ ಸೀಟಿನ ಕೆಳಗಿದ್ದ ಕ್ಯಾನನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. ನಾನು ಇಳಿದು ನಡೆದೆ. ತೊರವಿಯ ಪಂಪಿನವರೆಗೆ ಹೋಗಿ, ಐದು ಲೀಟರ್ ಹೊತ್ತು, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿದಾಗ ನನ್ನ ಮೈಮೇಲೆ ಒಣಗಿದ ಜಾಗವೆಂದು ಯಾವುದೂ ಉಳಿದಿರಲಿಲ್ಲ. ಡೀಸೆಲ್ ಹಾಕಿದರೂ ಜೀಪು ಚಾಲೂ ಆಗಲಿಲ್ಲ. ಬಸು ಪಾನಾ ಹಿಡಿದು ಬಾನೆಟ್ಟಿನೊಳಗೆ ಬಗ್ಗಿ, "ಪೈಪಿನಾಗ ಗಾಳಿ ಹೊಕ್ಕೈತ್ರಿ ಮಾಮಾ. ಅದನ್ನ ಮೊದಲ ಹೊರಗ ಹಾಕಬೇಕು," ಎಂದ. ಜೀಪಿನೊಳಗಿಂದ ಸುನಂದಾಳ ನಗು ಮಳೆಯ ಸದ್ದನ್ನೂ ಮೀರಿ ಕೇಳಿಸಿತು.

ಕೋಲ್ಡ್ ಸ್ಟೋರೇಜಿನಲ್ಲಿ ಡಬ್ಬಿಯ ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ನಾನೇ ಒಳಗೆ ಇಣುಕಿದೆ. ಒಂದು ಪೆಟ್ಟಿಗೆಯೂ ನೆನೆದಿರಲಿಲ್ಲ. ಬಸು ಪೆಟ್ಟಿಗೆಗಳನ್ನು ತಟ್ಟಿ ನೋಡಿ, "ಡಬ್ಬಿ ಮಾಡ್ಸಿದ್ದ ಪುಣ್ಯೇ ಆತ್ರಿ ಮಾಮಾ. ತಾಡಪತ್ರಿ ಆಗಿದ್ರ ಎಲ್ಲಾ ಹೋಗಿರತಿತ್ತು," ಎಂದ. ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ, ಅವನು ಮನಸಾರೆ ಹೇಳಿದ್ದ. ಸೋರುತ್ತಿದ್ದ ತೋಳಿನಿಂದ ಮುಖ ಒರೆಸಿಕೊಳ್ಳುತ್ತ, "ಬಸು, ಡಬ್ಬಿ ಇರಲಿ. ಎತ್ತರ ಕೊಯ್ಸು. ಈರಪ್ಪ ಹೇಳಿದ್ದ ಖರೆ ಐತಿ, ನಂದ ತಪ್ಪ," ಎಂದೆ. ಮದುವೆಯಾದಾಗಿನಿಂದ ಇಂಥ ಮಾತನ್ನು ನನ್ನ ಬಾಯಿಂದ ಕೇಳದ ಸುನಂದಾ, ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಈರಪ್ಪ ಡಬ್ಬಿಯನ್ನು ಜೀಪಿನ ಟಾಪಿನ ಮಟ್ಟಕ್ಕೆ ಕತ್ತರಿಸಿ, ಮುಂದಿನ ಮುಖಕ್ಕೆ ಇಳಿಜಾರು ಕೊಟ್ಟ. ಈಗಲೂ ತೆರೆದ ಟ್ರಾಲಿಗಿಂತ ಒಂದಿಷ್ಟು ಹೆಚ್ಚೇ ಕುಡಿಯುತ್ತದೆ. ಆದರೆ ಮಾಲು ಸ್ವಚ್ಛವಾಗಿ ಮುಟ್ಟುತ್ತದೆ, ಅಷ್ಟು ನಡೆಯುತ್ತದೆ ಎನ್ನುತ್ತಾನೆ ಬಸು. ಆ ಡಬ್ಬಿಯನ್ನು ನೋಡಿ ಸುತ್ತಲಿನ ನಾಲ್ಕಾರು ಜನ ತಮಗೂ ಅಂಥದ್ದೇ ಬೇಕೆಂದು ಬಬಲೇಶ್ವರಕ್ಕೆ ಹೋಗತೊಡಗಿದ್ದಾರೆ. ಕಳೆದ ವಾರ ಅವರಲ್ಲೊಬ್ಬ ರೈತ ನನ್ನನ್ನು ಹುಡುಕಿಕೊಂಡು ತೊರವಿಗೇ ಬಂದ. ಡಬ್ಬಿ ಎಷ್ಟು ಎತ್ತರ, ಎಷ್ಟು ಅಗಲ ಇರಬೇಕು, ಬಾಗಿಲು ಎಲ್ಲಿರಬೇಕು ಎಂದು ಕೈಕಟ್ಟಿ ಕೇಳಿದ. ನನಗೆ ಹೋದ ಜೀವ ಬಂದಂತಾಯಿತು. ಒಂದು ತಾಸು ವಿವರಿಸಿದೆ, ಎರಡು ಹಾಳೆಗಳಲ್ಲಿ ಚಿತ್ರ ಬರೆದುಕೊಟ್ಟೆ. ಆತ ಅವನ್ನು ಮಡಚಿ ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಎದ್ದ. ಬಬಲೇಶ್ವರದಲ್ಲಿ ಈರಪ್ಪನೇ ಇದ್ದಾನಲ್ಲ, ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ, ನಾಲ್ಕು ಒಳ್ಳೆಯ ಮಾತು ಕೇಳುವ ಆಸೆಯಿಂದ.

"ಈರಪ್ಪನೇ ಕಳಿಸ್ಯಾನ್ರಿ ಸರ," ಎಂದ ಆತ, ಬಹಳ ಗೌರವದಿಂದ. "ಸರ ಏನೇನ್ ಹೇಳ್ತಾರ ಎಲ್ಲಾ ಬರಸ್ಕೊಂಡ ಬಾ, ಅದನ್ನ ಬಿಟ್ಟ ಉಳದದ್ದ ಮಾಡೂಣು ಅಂದಾನ್ರಿ."